ಹೊಸಪೇಟೆಯ ಸಂಜೆ ಇಂಗ್ಲಿಷ್ ಕ್ಲಾಸು: ಹಂಪಿ ಕಡೆ ದುಡಿಯುವವರು ಸೇರಲೇಬೇಕಾದದ್ದು

ಕಮಲಾಪುರದಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕೆಳಗೆ ನಾವಿರುತ್ತೇವೆ, ಮೇಲಿನ ಮೂರು ಕೋಣೆಗಳನ್ನು ಬಾಡಿಗೆಗೆ ಕೊಡುತ್ತೇವೆ. ಚಳಿಗಾಲ ಶುರುವಾದರೆ ಹಂಪಿ ನೋಡಲು ಬರುವವರು ಒಬ್ಬರಾದ ಮೇಲೆ ಒಬ್ಬರು ಬಂದು ಉಳಿಯುತ್ತಾರೆ. ಫ್ರಾನ್ಸಿನವರು, ಜರ್ಮನಿಯವರು, ಇಸ್ರೇಲಿನವರು, ಆಗೊಮ್ಮೆ ಈಗೊಮ್ಮೆ ಜಪಾನಿನವರು, ಉಳಿದಂತೆ ಪುಣೆ, ಹೈದರಾಬಾದ್, ಬೆಂಗಳೂರಿನವರು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪಿಯುಸಿವರೆಗೆ. ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ಹೆದರಿಕೆಯೂ ಇಲ್ಲ. ಆದರೆ ನಮ್ಮ ಕಡೆ ಲಾಡ್ಜು, ಆಟೋ, ಗೈಡ್ ಕೆಲಸದಲ್ಲಿರುವ ಯಾರನ್ನೇ ಕೇಳಿ, ಹೇಳಿದ್ದೊಂದು ಅತಿಥಿಗಳಿಗೆ ಅರ್ಥವಾಗಿದ್ದು ಇನ್ನೊಂದು ಎನ್ನುವ ಕಥೆ ಅವರ ಹತ್ತಿರ ಇದ್ದೇ ಇರುತ್ತದೆ. ಅದನ್ನು ಸರಿಮಾಡಿಕೊಳ್ಳಬೇಕು ಎಂದು ಈ ಕ್ಲಾಸಿಗೆ ಸೇರಿದೆ. ಮುಗಿಸಿದ್ದೇನೆ. ಸೇರಬೇಕೋ ಬೇಡವೋ ಎಂದು ನನ್ನನ್ನು ಕೇಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ಲಾಸಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ಹೊಸಪೇಟೆಯ ತಮ್ಮ ಮನೆಯ ಮಾಳಿಗೆ ಮೇಲೆ ತಗಡಿನ ಶೆಡ್ಡು ಹಾಕಿಸಿ ನಡೆಸುತ್ತಾರೆ. ಎರಡು ತಿಂಗಳ ಬ್ಯಾಚು, ವಾರಕ್ಕೆ ಐದು ದಿನ, ಸಂಜೆ ಏಳರಿಂದ ಎಂಟೂವರೆ, ಫೀಸು ಎರಡು ಸಾವಿರ ರೂಪಾಯಿ. ಅರ್ಧ ಮೊದಲೇ ಕೊಡಬೇಕು, ಉಳಿದದ್ದನ್ನು ಎರಡನೇ ತಿಂಗಳು ಕೊಟ್ಟರೂ ನಡೆಯುತ್ತದೆ. ನನ್ನ ಬ್ಯಾಚಿನಲ್ಲಿ ಆಟೋದವರು, ಲಾಡ್ಜಿನ ರಿಸೆಪ್ಷನ್ ಹುಡುಗರು, ಗೈಡ್ ಪರೀಕ್ಷೆಗೆ ಓದುತ್ತಿದ್ದ ಇಬ್ಬರು, ಆನೆಗೊಂದಿ ಕಡೆಯ ತೆಪ್ಪದವರೊಬ್ಬರು, ಒಬ್ಬ ನರ್ಸ್ ಇದ್ದರು. ಹೆಂಗಸರು ಕಡಿಮೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಬೇರೆ ಕಡೆ ಸ್ಪೋಕನ್ ಇಂಗ್ಲಿಷ್ ಎಂದರೆ 'ಹೌ ಆರ್ ಯು, ಐ ಆ್ಯಮ್ ಫೈನ್' ಬಾಯಿಪಾಠ ಮಾಡಿಸುತ್ತಾರೆ, ಇಲ್ಲವೇ ನಾಲಿಗೆ ಹೊರಳಿಸುವುದನ್ನು ಕಲಿಸುತ್ತಾರೆ. ನಮ್ಮ ಸಂಬಂಧದ ಹುಡುಗನೊಬ್ಬ ಫೋನಿನಲ್ಲಿ ನಡೆಯುವ ದೊಡ್ಡ ಕೋರ್ಸೊಂದಕ್ಕೆ ಇದರ ನಾಲ್ಕು ಪಟ್ಟು ದುಡ್ಡು ಕಟ್ಟಿದ್ದ. 'ವಾಟರ್' ಅನ್ನು ಅಮೆರಿಕದವರ ಹಾಗೆ ಅನ್ನಲು ಕಲಿತು ಬಂದ. ಇಲ್ಲಿ ಮೇಡಂ ಮೊದಲ ದಿನವೇ ಕೇಳಿದ ಪ್ರಶ್ನೆ ಬೇರೆ: "ಅದನ್ನ ಕನ್ನಡದಾಗ ಹೆಂಗ ಹೇಳ್ತೀರಿ? ಮೊದಲು ಅದನ್ನ ಹೇಳ್ರಿ." ನಾವು ಕನ್ನಡದ ಮಾತನ್ನು ಹೇಳಬೇಕು. ಅದರ ಪಕ್ಕದಲ್ಲಿ ನಮ್ಮ ಬಾಯಿಂದ ಬರುವ ಇಂಗ್ಲಿಷನ್ನು ಬರೆಯುತ್ತಾರೆ. ಆಮೇಲೆ ಎದುರಿಗಿರುವವರಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಬರೆಯುತ್ತಾರೆ. ಎರಡು ತಿಂಗಳೂ ಇದೇ ಕ್ರಮ. ತಪ್ಪು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದು ತಾನಾಗಿಯೇ ನಿಲ್ಲುತ್ತದೆ ಎನ್ನುವುದು ಅವರ ನಂಬಿಕೆ. ನನಗೂ ಈಗ ಅದರಲ್ಲಿ ಪೂರ್ತಿ ನಂಬಿಕೆ ಬಂದಿದೆ.

ನನಗೆ ಎಲ್ಲಕ್ಕಿಂತ ಉಪಯೋಗವಾದ ಪಾಠ ಯೆಸ್ ಮತ್ತು ನೋ. ಇದನ್ನು ಪಾಠ ಮಾಡಬೇಕಾ ಎಂದು ಮೊದಲು ಎಲ್ಲರಿಗೂ ಅನಿಸಿತು. ಮೇಡಂ ಅತಿಥಿಯಾದರು, ಲಾಡ್ಜಿನ ಹುಡುಗನೊಬ್ಬ ರಿಸೆಪ್ಷನ್ನಿನವನಾದ. 'ಯು ಡೋಂಟ್ ಹ್ಯಾವ್ ಹಾಟ್ ವಾಟರ್?' ಎಂದು ಕೇಳಿದರು. ಅವನು 'ಯೆಸ್ ಮೇಡಂ' ಎಂದ. ಹಾಗಾದರೆ ಸ್ನಾನಕ್ಕೆ ಹೋಗುತ್ತೇನೆ ಎಂದು ಮೇಡಂ ಟವೆಲ್ ಹಿಡಿದು ಹೊರಟೇಬಿಟ್ಟರು. ಅವನು ಹೇಳಿದ್ದು 'ಹೂಂ ರೀ, ಇಲ್ಲ' ಎಂದು. ಕನ್ನಡದಲ್ಲಿ ಬಿಸಿನೀರು ಇಲ್ಲವೇನ್ರಿ ಎಂದರೆ, ಇಲ್ಲದಿದ್ದಾಗ ನಾವು ಹೂಂ ಎನ್ನುತ್ತೇವೆ. ನಮ್ಮ ಹೂಂ ಕೇಳಿದವರ ಮಾತಿಗೆ ಒಪ್ಪಿಗೆ, ನೀವು ಅಂದದ್ದು ನಿಜ ಎಂದು. ಇಂಗ್ಲಿಷಿನವರ ಯೆಸ್ ಹಾಗಲ್ಲ. ಪ್ರಶ್ನೆಯನ್ನು ಹೇಗೇ ಕೇಳಲಿ, ನೀರು ಇದ್ದರೆ ಯೆಸ್, ಇಲ್ಲದಿದ್ದರೆ ನೋ. ಮೇಡಂ ಹೇಳಿದ್ದು ಇಷ್ಟೇ: "ಪ್ರಶ್ನೆ ಮರೀರಿ. ನೀರು ಐತೋ ಇಲ್ಲೋ, ಅದನ್ನಷ್ಟೇ ನೋಡ್ರಿ."

ಅದರ ಮೇಲೆ ಇನ್ನೊಂದು ಬುದ್ಧಿ ಹೇಳಿಕೊಟ್ಟರು. ಅದು ಯಾವ ಗೈಡ್ ಪುಸ್ತಕದಲ್ಲೂ ಇರಲಾರದು. ಜಪಾನಿ ಮತ್ತು ಕೊರಿಯನ್ ಭಾಷೆಗಳಲ್ಲೂ ಹೌದು ಎನ್ನುವುದು ನಮ್ಮ ಹಾಗೆಯೇ, ಕೇಳಿದವರ ಮಾತಿಗೆ ಒಪ್ಪಿಗೆಯಾಗಿ. ಹಾಗಾಗಿ ಎದುರಿಗಿರುವವರು ಯಾವ ದೇಶದವರು, ಅವರು ನಮ್ಮ ಯೆಸ್ ಅನ್ನು ಹೇಗೆ ತೆಗೆದುಕೊಂಡರು ಎಂದು ತಿಳಿಯುವುದೇ ಇಲ್ಲ. ಅದಕ್ಕೆ ಯೆಸ್ ಅಥವಾ ನೋ ಎಂದು ನಿಲ್ಲಿಸಬಾರದು, ಮುಂದೆ ಪೂರ್ತಿ ವಾಕ್ಯ ಹೇಳಬೇಕು: 'ನೋ, ದೇರ್ ಈಸ್ ನೋ ಹಾಟ್ ವಾಟರ್ ನೌ. ಇಟ್ ವಿಲ್ ಬಿ ರೆಡಿ ಅಟ್ ಸೆವೆನ್.' ನಮ್ಮ ಮನೆಯಲ್ಲಿ ಈಗ ನಾನೂ, ಯಜಮಾನರೂ, ಕೆಲಸಕ್ಕೆ ಬರುವ ಹುಡುಗಿಯೂ ಹೀಗೇ ಹೇಳುತ್ತೇವೆ. ಬೆಳಗ್ಗೆ ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕಾದು ನಿಲ್ಲುವವರು ಇಲ್ಲವಾಗಿದ್ದಾರೆ.

ಇದೇ ಜಾತಿಗೆ ಸೇರಿದ್ದು 'ಡು ಯು ಮೈಂಡ್'. ಅತಿಥಿಯೊಬ್ಬರು 'ಡು ಯು ಮೈಂಡ್ ಇಫ್ ಐ ಲೀವ್ ಮೈ ಬ್ಯಾಗ್ ಹಿಯರ್?' ಎಂದು ಕೇಳುತ್ತಾರೆ. ನಮ್ಮವರು ಖುಷಿಯಿಂದ 'ಯೆಸ್, ಯೆಸ್' ಎನ್ನುತ್ತಾರೆ. ಇಡ್ರಿ, ಅದಕ್ಕೇನಂತೆ ಎಂಬ ಮನಸ್ಸಿನಿಂದ. ಆದರೆ ಕೇಳಿದ್ದು, ಇಲ್ಲಿ ಬ್ಯಾಗ್ ಇಟ್ಟರೆ ನಿಮಗೆ ತೊಂದರೆಯಾ ಎಂದು. ಅದಕ್ಕೆ ಯೆಸ್ ಎಂದರೆ ಹೌದು, ತೊಂದರೆ, ಇಡಬೇಡಿ ಎಂದಾಗುತ್ತದೆ. ನಮ್ಮ ಊರಿನ ಜನ ಮನೆ ಬಾಗಿಲಿಗೆ ಬಂದವರನ್ನು ಬೇಡ ಎನ್ನುವವರಲ್ಲ. ಅಂಥವರ ಬಾಯಲ್ಲಿ ಬೇಡ ಎಂಬ ಅರ್ಥ ಹೊರಟು, ಪಾಪ ಆ ಅತಿಥಿ ಬ್ಯಾಗ್ ಹೊತ್ತುಕೊಂಡು ಹೋಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಮೇಡಂ ಕೊಟ್ಟ ಉಪಾಯ ಸುಲಭ: 'ನೋ ಪ್ರಾಬ್ಲಂ' ಎಂದುಬಿಡಿ, ಅದು ಎಲ್ಲಿಯೂ ಎಡವುವುದಿಲ್ಲ.

ಬರ್ತೀನಿ ಎಂಬ ಮಾತು ಇನ್ನೊಂದು. ನಾವು ಯಾರ ಮನೆಯಿಂದ ಹೊರಡುವಾಗಲೂ ಹೋಗ್ತೀನಿ ಎನ್ನುವುದಿಲ್ಲ. ಅದು ಅಪಶಕುನ. ಬರ್ತೀನ್ರಿ, ಹೋಗಿ ಬರ್ತೀನ್ರಿ ಎನ್ನುತ್ತೇವೆ. ಆಟೋದ ಅಣ್ಣ ದಿನವಿಡೀ ತಿರುಗಿಸಿ, ದುಡ್ಡು ತೆಗೆದುಕೊಂಡು, 'ಓಕೆ ಸಾರ್, ಐ ವಿಲ್ ಕಮ್' ಎಂದು ಹೊರಟರೆ ಅತಿಥಿ ಅಲ್ಲೇ ಗೇಟಿನ ಹತ್ತಿರ ಕಾಯುತ್ತಾರೆ, ಇವರು ಇನ್ನೇನೋ ತರಲು ಹೋಗಿರಬೇಕು ಎಂದು. ನಮ್ಮ ಬ್ಯಾಚಿನ ಆಟೋದವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಮೇಡಂ ಇದಕ್ಕೆ ಎರಡು ಮಾತು ಕೊಟ್ಟರು: ಇವತ್ತಿಗೆ ಮುಗಿಯಿತೆಂದರೆ 'ಸೀ ಯು', ನಾಳೆ ನಿಜವಾಗಿ ಬರುವುದಿದ್ದರೆ 'ಐ ವಿಲ್ ಕಮ್ ಟುಮಾರೋ ಅಟ್ ಸಿಕ್ಸ್', ಗಂಟೆಯ ಸಮೇತ. 'ಸೀ ಯು' ಎಂದರೆ ಮತ್ತೆ ಸಿಗೋಣ ಎಂದೇ ಅರ್ಥವಾದ್ದರಿಂದ ನಮ್ಮ ಶಾಸ್ತ್ರಕ್ಕೂ ಭಂಗವಿಲ್ಲ. ಆ ಪಾಠದ ಮರುದಿನ ಎಲ್ಲರೂ ಮಾಳಿಗೆಯಿಂದ ಇಳಿಯುವಾಗ 'ಸೀ ಯು ಮೇಡಂ' ಎಂದು ಹೋದರು.

ವ್ಯಾಕರಣದ ಪಾಠಗಳೂ ಹೀಗೇ ಕನ್ನಡದಿಂದ ಹೊರಡುತ್ತವೆ. ಎರಡು ವರ್ಷದಿಂದ, 2019ರಿಂದ ಎಂದು ಎರಡಕ್ಕೂ ನಾವು 'ಇಂದ' ಹಚ್ಚುತ್ತೇವೆ. ಅದಕ್ಕೇ 'ಸಿನ್ಸ್ ಟೂ ಇಯರ್ಸ್' ಬರುವುದು. ಶುರುವಾದ ದಿನ ಹೇಳಿದರೆ ಸಿನ್ಸ್, ಎಷ್ಟು ಕಾಲ ಎಂದು ಹೇಳಿದರೆ ಫಾರ್. ಇನ್ನೊಂದೆಡೆ ಕನ್ನಡವೇ ನಮ್ಮನ್ನು ಕಾಪಾಡುತ್ತದೆ. 'ಹತ್ತು ಗಂಟೆ ಒಳಗೆ' ಮತ್ತು 'ಹತ್ತು ಗಂಟೆ ತನಕ' ಬೇರೆ ಬೇರೆ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಒಳಗೆ ಎಂದರೆ 'ಬೈ', ತನಕ ಎಂದರೆ 'ಅಂಟಿಲ್'. ಆದರೂ ಲಾಡ್ಜುಗಳ ಗೋಡೆ ಮೇಲೆ ಹತ್ತರ ತನಕ ಕೋಣೆ ಖಾಲಿ ಮಾಡುತ್ತಿರಿ ಎಂಬರ್ಥದ ಬೋರ್ಡುಗಳು ತೂಗುತ್ತಿರುತ್ತವೆ. ನಮ್ಮ ಬ್ಯಾಚಿನ ಒಬ್ಬ ಹುಡುಗ ತನ್ನ ಲಾಡ್ಜಿನ ಮಾಲೀಕರಿಗೆ ಹೇಳಿ ಆ ಬೋರ್ಡನ್ನೇ ಬದಲಾಯಿಸಿದ. ಎರಡು ತಿಂಗಳಲ್ಲಿ ಕಣ್ಣಿಗೆ ಕಾಣುವಂಥ ಫಲ ಇದು.

'ಹಾರ್ಡ್ಲಿ' ಬಗ್ಗೆ ಹೇಳಿದ್ದೂ ಮನಸ್ಸಿನಲ್ಲಿ ಉಳಿದಿದೆ. ಜೋರು ಎಂಬುದಕ್ಕೆ ಆಗಿ ಸೇರಿಸಿದರೆ ಜೋರಾಗಿ. ಇಂಗ್ಲಿಷಿನ 'ಲಿ' ನಮ್ಮ 'ಆಗಿ'ಯ ಹಾಗೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ, ಬಹಳ ಕಡೆ ಅದು ಸರಿಯೂ ಹೌದು. ಆದರೆ 'ಹಾರ್ಡ್'ಗೆ 'ಲಿ' ಸೇರಿದರೆ ಕಷ್ಟಪಟ್ಟು ಎಂದಾಗುವುದಿಲ್ಲ, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದಾಗುತ್ತದೆ. 'ಹಿ ವರ್ಕ್ಸ್ ಹಾರ್ಡ್' ಎಂದರೆ ಮೈಮುರಿದು ದುಡಿಯುತ್ತಾನೆ, 'ಹಿ ಹಾರ್ಡ್ಲಿ ವರ್ಕ್ಸ್' ಎಂದರೆ ಕೆಲಸವನ್ನೇ ಮಾಡುವುದಿಲ್ಲ. ಕೆಲಸ ಬಿಟ್ಟು ಹೋಗುವ ಹುಡುಗನಿಗೆ ಒಳ್ಳೆಯ ಮನಸ್ಸಿನಿಂದ ಪತ್ರ ಬರೆದುಕೊಡುವವರು ಇಲ್ಲಿ ಜಾಗ್ರತೆಯಾಗಿರಬೇಕು. ಅವನ ಮುಂದಿನ ಅನ್ನ ಆ ಒಂದು ಪದದ ಮೇಲಿರುತ್ತದೆ. 'ಲೇಟ್' ಮತ್ತು 'ಲೇಟ್ಲಿ' ಕೂಡ ಹೀಗೇ. ಬಸ್ಸು ತಡವಾಗಿ ಬಂದರೆ 'ಲೇಟ್', ಇತ್ತೀಚೆಗೆ ಎನ್ನಲು 'ಲೇಟ್ಲಿ'.

ಈಗ ಹಂಪಿಯ ಮಾತಿಗೆ ಬರುತ್ತೇನೆ. ಈ ಕ್ಲಾಸು ಬೇರೆ ಯಾವ ಊರಿನಲ್ಲಿಯೂ ಹೀಗಿರಲಾರದು ಎನ್ನಲು ಇದೇ ಕಾರಣ. ಗೈಡ್ ಆಗಲು ಓದುತ್ತಿದ್ದ ಇಬ್ಬರಿಗಾಗಿ ಮೇಡಂ ಒಂದಿಡೀ ವಾರ ತೆಗೆದಿಟ್ಟರು. ನಾವೆಲ್ಲ ಜೊತೆಗೆ ಕೂತು ಕೇಳಿದೆವು.

ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯನ್ನು ನಮ್ಮ ಕಡೆ ಕೆಲವರು 'ಕಾರ್ ಸ್ಟ್ರೀಟ್' ಎನ್ನುತ್ತಾರೆ, ತೇರನ್ನು 'ಕಾರ್ ಫೆಸ್ಟಿವಲ್' ಎನ್ನುತ್ತಾರೆ. ಮಂಗಳೂರು, ಉಡುಪಿಯಲ್ಲೂ ಕಾರ್ ಸ್ಟ್ರೀಟ್ ಇದೆ. ಹಳೆಯ ಇಂಗ್ಲಿಷಿನಲ್ಲಿ, ಮುಖ್ಯವಾಗಿ ಕಾವ್ಯದಲ್ಲಿ, ರಥಕ್ಕೂ ಕಾರ್ ಎನ್ನುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಬಂದ ಆ ಪದ ನಮ್ಮಲ್ಲಿ ನಿಂತುಬಿಟ್ಟಿತು, ಅವರಲ್ಲಿ ಮೋಟಾರು ಬಂದ ಮೇಲೆ ಅರ್ಥವೇ ಬದಲಾಯಿತು. ಈಗ ಹೊರಗಿನವರಿಗೆ ಕಾರ್ ಫೆಸ್ಟಿವಲ್ ಎಂದರೆ ಮೋಟಾರು ಕಾರುಗಳ ಮೆರವಣಿಗೆ. 'ಚಾರಿಯಟ್' ಎಂದರೆ ಯಾರಿಗೂ ಗೊಂದಲವಿಲ್ಲ. ಪುಷ್ಕರಣಿಗೆ 'ಟ್ಯಾಂಕ್' ಎನ್ನುವುದೂ ಹಾಗೆಯೇ. ಹೊರಗಿನವರಿಗೆ ಅದು ನೀರು ತುಂಬುವ ತೊಟ್ಟಿ, ಇಲ್ಲವೇ ಯುದ್ಧದ ಗಾಡಿ. ಯುದ್ಧದ ಗಾಡಿಗೂ ಆ ಹೆಸರು ಬಂದದ್ದು ನೀರಿನ ತೊಟ್ಟಿಯಿಂದಲೇ, ಮೊದಲ ಮಹಾಯುದ್ಧದಲ್ಲಿ ಗುಟ್ಟು ಬಿಟ್ಟುಕೊಡಬಾರದೆಂದು ಹಾಗೆ ಕರೆದರಂತೆ. ಮೇಡಂ ಇಂಥ ಮಾತು ಹೇಳುವಾಗ ತೆಪ್ಪದ ಅಣ್ಣ ಬಾಯಿ ತೆರೆದು ಕೇಳುತ್ತಿದ್ದರು. ಪುಷ್ಕರಣಿಗೆ 'ಸ್ಟೆಪ್ಡ್ ಪಾಂಡ್' ಎನ್ನಿ, ನಮ್ಮ ಕಮಲಾಪುರದ ಕೆರೆಗೆ 'ಲೇಕ್' ಎನ್ನಿ, ಎಂದರು. ಪುಷ್ಕರಣಿ ಎಂಬ ಹೆಸರನ್ನೇ ಮೊದಲು ಹೇಳಿ, ಆಮೇಲೆ ಅದು ಏನೆಂದು ವಿವರಿಸಿದರೆ ಇನ್ನೂ ಚೆಂದ ಎಂದು ನನ್ನ ಅಭಿಪ್ರಾಯ. ದೂರದಿಂದ ಬಂದವರು ನಮ್ಮ ಪದವೊಂದನ್ನು ಕಲಿತು ಹೋಗಲಿ.

'ಮಾನೋಲಿಥಿಕ್' ಎಂಬ ಪದವಂತೂ ಹಂಪಿಯಲ್ಲಿ ಎಲ್ಲ ಕಲ್ಲಿಗೂ ಅಂಟಿಕೊಂಡಿದೆ. ವಿಜಯವಿಟ್ಠಲ ಗುಡಿಯ ಕಲ್ಲಿನ ರಥ ತೋರಿಸಿ ಮಾನೋಲಿಥಿಕ್ ಚಾರಿಯಟ್ ಎನ್ನುವವರು ಈಗಲೂ ಇದ್ದಾರೆ. ಶಿಲ್ಪದ ಮಾತಿನಲ್ಲಿ ಆ ಪದಕ್ಕೆ ಒಂದೇ ಕಲ್ಲಿನದು ಎಂದರ್ಥ. ಕಲ್ಲಿನ ರಥ ಒಂದೇ ಕಲ್ಲಿನದಲ್ಲ, ಹಲವು ಕಲ್ಲುಗಳನ್ನು ಸೇರಿಸಿ ಕಟ್ಟಿದ್ದು. ಜೋಡಣೆ ಕಾಣದಂತೆ ಕೂರಿಸಿದ್ದಾರೆ, ಅದೇ ಆ ಶಿಲ್ಪಿಗಳ ಹೆಚ್ಚುಗಾರಿಕೆ. ಉಗ್ರನರಸಿಂಹ ವಿಗ್ರಹವಾದರೋ ನಿಜವಾದ ಏಕಶಿಲೆ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು, 6.7 ಮೀಟರ್ ಎತ್ತರ. ಎರಡಕ್ಕೂ ಒಂದೇ ಪದ ಹೇಳಿದರೆ ಇಬ್ಬರ ಕೆಲಸಕ್ಕೂ ಅನ್ಯಾಯ. ಒಬ್ಬರು ಇಡೀ ಬಂಡೆಯನ್ನು ದೇವರಾಗಿಸಿದರು, ಇನ್ನೊಬ್ಬರು ತುಂಡುಗಳನ್ನು ಒಂದಾಗಿಸಿದರು. ಯುನೆಸ್ಕೋ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ ಇದು. ಅದನ್ನು ತೋರಿಸುವವರ ಬಾಯಲ್ಲಿ ಪದ ಸರಿಯಾಗಿರಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹಾಗೆಯೇ ಎಲ್ಲದಕ್ಕೂ 'ಏನ್‌ಶಂಟ್' ಎನ್ನುವುದು. ವಿಜಯನಗರ ಕಟ್ಟಿದ್ದು 1336ರಲ್ಲಿ, ತಾಳಿಕೋಟೆ ಯುದ್ಧ 1565ರಲ್ಲಿ. ಇದು ಮಧ್ಯಯುಗ, 'ಮಿಡೀವಲ್'. ಏನ್‌ಶಂಟ್ ಎಂದರೆ ಬಂದವರು ರೋಮ್, ಈಜಿಪ್ಟಿನ ಕಾಲವನ್ನು ನೆನೆಯುತ್ತಾರೆ. ವಿರೂಪಾಕ್ಷನ ಪೂಜೆ ಸಾಮ್ರಾಜ್ಯಕ್ಕಿಂತ ಹಿಂದಿನದು, ಅಲ್ಲಿ ಬೇಕಾದರೆ ಹೇಳಬಹುದು.

ಇನ್ನೊಂದನ್ನು ಬಿಟ್ಟರೆ ತಪ್ಪಾದೀತು. ತುಂಗಭದ್ರಾ ಅಣೆಕಟ್ಟನ್ನು ಹೊಸಪೇಟೆಯಲ್ಲಿ ಯಾರೂ ಪೂರ್ತಿ ಹೆಸರಿಂದ ಕರೆಯುವುದಿಲ್ಲ, ಅದು ಟಿಬಿ ಡ್ಯಾಮ್. ನಮ್ಮ ಬ್ಯಾಚಿನ ನರ್ಸ್ ಕೈ ಎತ್ತಿ, ಹೊರಗಿನವರಿಗೆ ಟಿಬಿ ಎಂದರೆ ಕ್ಷಯರೋಗ ಎಂದೇ ಕೇಳಿಸುತ್ತದೆ, ಸಂಜೆ ಟಿಬಿ ನೋಡಲು ಹೋಗೋಣ ಎಂದರೆ ಗಾಬರಿಯಾಗುವುದಿಲ್ಲವಾ ಎಂದು ಕೇಳಿದಳು. ಮೇಡಂಗೂ ಅದು ಹೊಳೆದಿರಲಿಲ್ಲ. ಅವತ್ತೇ ಬೋರ್ಡಿನ ಮೇಲೆ ಬರೆದುಕೊಂಡರು. ವಿದ್ಯಾರ್ಥಿ ಹೇಳಿದ್ದನ್ನು ಪಾಠಕ್ಕೆ ಸೇರಿಸಿಕೊಳ್ಳುವ ಗುರುಗಳು ಎಷ್ಟು ಮಂದಿ ಇದ್ದಾರೆ? ಜರ್ಮನಿಯವರ ಭಾಷೆಯಲ್ಲಿ ಆಟೋ ಎಂದರೆ ಕಾರು ಎಂಬುದನ್ನೂ ಇದೇ ರೀತಿ ಆಟೋದವರೊಬ್ಬರು ತಂದುಕೊಟ್ಟರು. ಅವರ ಗಿರಾಕಿಯೇ ಹೇಳಿದ್ದಂತೆ. ಈಗ ಅವರು 'ಆಟೋ ರಿಕ್ಷಾ' ಎಂದು ಪೂರ್ತಿ ಹೇಳುತ್ತಾರೆ.

ನಮ್ಮ ಕಡೆಯ ಇಂಗ್ಲಿಷ್ ಎಲ್ಲ ತಪ್ಪು ಎಂದು ಮೇಡಂ ಹೇಳುವುದಿಲ್ಲ, ಅದು ನನಗೆ ತುಂಬಾ ಹಿಡಿಸಿತು. 'ಪ್ರಿಪೋನ್' ನಮ್ಮವರು ಬಳಸಿ ಬೆಳೆಸಿದ ಪದ, ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಮುಂದೂಡುವುದಕ್ಕೆ ಪದ ಇರುವಾಗ ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ಒಂದು ಬೇಕಿತ್ತು. 'ಸ್ಟೆಪ್ನಿ' ಎಂದು ಡ್ರೈವರುಗಳು ಹೇಳುವುದು ಸಹ ಎಲ್ಲಿಂದಲೋ ಕೆಟ್ಟು ಬಂದ ಪದವಲ್ಲ. 1904ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಹೆಚ್ಚುವರಿ ಚಕ್ರ ತಯಾರಿಸಿದ ಕಂಪನಿಯೊಂದು ತಾನಿದ್ದ ಸ್ಟೆಪ್ನಿ ಬೀದಿಯ ಹೆಸರನ್ನೇ ಇಟ್ಟಿತ್ತು. ಅಲ್ಲಿ ಮರೆತರು, ನಾವು ಉಳಿಸಿಕೊಂಡೆವು. ಆದರೆ ಇವತ್ತಿನ ಗಿರಾಕಿಗೆ ತಿಳಿಯಬೇಕಾದರೆ 'ಸ್ಪೇರ್ ಟೈರ್' ಎನ್ನಬೇಕು. ನಮ್ಮಲ್ಲಿ ನಾವು ಮಾತಾಡುವಾಗ ಒಂದು, ಹೊರಗಿನವರಿಗೆ ಇನ್ನೊಂದು, ಅಷ್ಟೇ ವ್ಯತ್ಯಾಸ. ಹೋಟೆಲ್ ಎಂದರೆ ನಮಗೆ ಇಡ್ಲಿ ವಡೆ ಸಿಗುವ ಜಾಗ, ಅವರಿಗೆ ಮಲಗುವ ಜಾಗ. ಪಾರ್ಸೆಲ್ ಎಂದರೆ ಅವರಿಗೆ ಅಂಚೆಯಲ್ಲಿ ಬರುವುದು, ಕಟ್ಟಿಕೊಡುವ ಊಟಕ್ಕೆ 'ಟೇಕ್‌ಅವೇ' ಎನ್ನಬೇಕು.

ಆದರೆ ಒಂದು ಪದದ ಬಗ್ಗೆ ಮಾತ್ರ ನಾನು ಮೇಡಂಗಿಂತ ಕಟ್ಟುನಿಟ್ಟು. ಅದು 'ಡೌಟ್'. ತಿಳಿಯದ್ದನ್ನು ಕೇಳುವುದಕ್ಕೆ ಶಾಲೆಯಿಂದಲೂ ನಾವು ಡೌಟ್ ಎನ್ನುತ್ತೇವೆ. ಅದೂ ನಮ್ಮ ಬಳಕೆಯೇ, ಇರಲಿ ಎಂದರು ಮೇಡಂ. ಕ್ಲಾಸಿನಲ್ಲಿ ಸರಿ. ಆದರೆ ಬಿಲ್ಲು ಕೊಟ್ಟು 'ಎನಿ ಡೌಟ್?' ಎಂದು ಕೇಳಿದರೆ ಅತಿಥಿಗೆ ನಮ್ಮ ಮೇಲೆ ಅನುಮಾನವಿದೆಯಾ ಎಂದು ಕೇಳಿದ ಹಾಗಾಗುತ್ತದೆ, ಇಲ್ಲದ ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ. ದುಡ್ಡಿನ ವ್ಯವಹಾರದಲ್ಲಿ 'ಎನಿ ಕ್ವೆಶ್ಚನ್ಸ್?' ಎಂದೇ ಕೇಳಬೇಕು. 'ಬ್ಯಾಕ್‌ಸೈಡ್' ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಮನೆಯ ಹಿಂದೆ ಎನ್ನಲು ಅದನ್ನು ಬಳಸಿದರೆ ಕೇಳುವವರಿಗೆ ಅದು ದೇಹದ ಭಾಗ. ಮೇಡಂ ಇದನ್ನು ಯಾರೂ ನಗದಂತೆ, ಯಾರಿಗೂ ನಾಚಿಕೆಯಾಗದಂತೆ, ನೇರವಾಗಿ ಹೇಳಿ, 'ಬಿಹೈಂಡ್ ದ ಹೌಸ್' ಎಂದು ಬರೆಸಿ ಮುಂದೆ ಹೋದರು. ಗಂಡಸರ ನಡುವೆ ಕೂತ ನಮ್ಮಂಥ ಹೆಂಗಸರಿಗೆ ಅವರ ಆ ರೀತಿ ದೊಡ್ಡ ಸಮಾಧಾನ.

ಶೆಡ್ಡಿನ ಮೇಜಿನ ಮೇಲೆ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಯಾವಾಗಲೂ ಇರುತ್ತದೆ. ಯಾರು ಬೇಕಾದರೂ ತೆಗೆದು ನೋಡಬಹುದು. ಅದರ ಹುಟ್ಟಿನ ಕಥೆ ಕೇಳಿ ನನಗೆ ಅದರ ಮೇಲೆ ಗೌರವ ಬಂತು. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಕಲಿಸುತ್ತಿದ್ದಾಗ, ಇಬ್ಬರು ಜೊತೆಗಾರರೊಂದಿಗೆ ಅಲ್ಲಿಯ ವಿದ್ಯಾರ್ಥಿಗಳಿಗಾಗಿ ಇದನ್ನು ಸಿದ್ಧಮಾಡಿದರು. 1942ರಲ್ಲಿ ಟೋಕಿಯೋದಲ್ಲಿ ಮೊದಲು ಬಂತು, 1948ರಲ್ಲಿ ಆಕ್ಸ್‌ಫರ್ಡ್‌ನವರು ಹೊರತಂದರು. ಅಂದರೆ ಇದು ಇಂಗ್ಲಿಷ್ ಮನೆಮಾತಾಗಿರುವವರಿಗೆ ಮಾಡಿದ್ದಲ್ಲ, ನಮ್ಮಂಥವರಿಗೆಂದೇ ಮಾಡಿದ್ದು. ಅದಕ್ಕೇ ಪದದ ಅರ್ಥ ಹೇಳಿ ಬಿಡುವುದಿಲ್ಲ. ಆ ಪದವನ್ನು ಎಣಿಸಬಹುದೋ ಇಲ್ಲವೋ, ಅದರ ಜೊತೆ ಯಾವ ಪದ ಬರಬೇಕು ಎಂದೂ ಗುರುತು ಹಾಕಿದೆ. 'ಲಗೇಜ್' ತೆಗೆದು ನೋಡಿದರೆ ಎಣಿಸಲಾಗದ್ದು ಎಂಬ ಗುರುತಿದೆ. ಕನ್ನಡದಲ್ಲಿ ಲಗೇಜುಗಳು ಎಂದರೆ ನಡೆಯುತ್ತದೆ, ಇಂಗ್ಲಿಷಿನಲ್ಲಿ 'ಲಗೇಜಸ್' ಇಲ್ಲ, 'ಟೂ ಬ್ಯಾಗ್ಸ್' ಎನ್ನಬೇಕು. 'ಅಡ್ವೈಸ್', 'ಇನ್ಫರ್ಮೇಶನ್', 'ಫರ್ನಿಚರ್' ಎಲ್ಲ ಇದೇ ಗುಂಪು. 'ಡಿಸ್ಕಸ್' ತೆಗೆದರೆ ಅದರ ಮುಂದೆ 'ಅಬೌಟ್' ಬರುವ ಉದಾಹರಣೆಯೇ ಸಿಗುವುದಿಲ್ಲ, ನಾವು ಬಗ್ಗೆ ಎನ್ನುತ್ತೇವೆಂದು ಅಲ್ಲೂ ಸೇರಿಸುತ್ತೇವೆ. ನಾನು ಮಗನಿಗೂ ಒಂದು ಪ್ರತಿ ತರಿಸಿದ್ದೇನೆ. ತೂಕವಿದೆ, ಕಾಲೇಜಿಗೆ ಹೊತ್ತೊಯ್ಯುವಂಥದ್ದಲ್ಲ, ಮನೆಯಲ್ಲಿಡಬೇಕಾದದ್ದು.

ಇನ್ನು ಕೊರತೆಗಳು. ಕೇಳಿಸಿಕೊಳ್ಳುವ ಅಭ್ಯಾಸ ಇಲ್ಲಿ ಸಾಲದು. ನಮಗೆ ಬರುವ ಅತಿಥಿಗಳಲ್ಲಿ ಬಹಳ ಮಂದಿಗೆ ಇಂಗ್ಲಿಷ್ ಎರಡನೆಯ ಭಾಷೆಯೇ. ಫ್ರಾನ್ಸಿನವರು ಆಡುವ ಇಂಗ್ಲಿಷ್ ಒಂದು ರೀತಿ, ಇಸ್ರೇಲಿನವರದು ಇನ್ನೊಂದು. ಎರಡು ತಿಂಗಳೂ ನಾವು ಕೇಳಿದ್ದು ಮೇಡಂ ದನಿ ಮತ್ತು ನಮ್ಮ ನಮ್ಮ ದನಿ ಮಾತ್ರ. ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಬೇರೆ ಬೇರೆ ದೇಶದವರ ಮಾತು ಹಾಕಿ ಕೇಳಿಸಬೇಕು. ಬರವಣಿಗೆಯನ್ನು ಅವರು ಮುಟ್ಟುವುದೇ ಇಲ್ಲ. ಈಗ ಕೋಣೆ ಬುಕ್ ಮಾಡುವವರೆಲ್ಲ ವಾಟ್ಸ್‌ಆ್ಯಪಿನಲ್ಲಿ ಬರೆದು ಕೇಳುತ್ತಾರೆ. 'ಲೂಸ್' ಎಂದು ನಾವು ಒಂದೇ ರೀತಿ ಹೇಳುವ ಪದ ಇಂಗ್ಲಿಷಿನಲ್ಲಿ ಎರಡು: ಒಂದು ಓ ಇದ್ದರೆ ಕಳೆದುಕೊಳ್ಳುವುದು, ಎರಡು ಓ ಇದ್ದರೆ ಸಡಿಲ. ಕೀ ಕಳೆದರೆ ದಂಡ ಎಂದು ಬರೆಯಲು ಹೋಗಿ ಕೀ ಸಡಿಲವಾದರೆ ದಂಡ ಎಂದು ಬರೆದ ಚೀಟಿಗಳನ್ನು ಲಾಡ್ಜುಗಳಲ್ಲಿ ನೋಡಬಹುದು. ಪೆನ್ನು ಕಾಗದದ ಅಂಗಡಿಯ 'ಸ್ಟೇಷನರಿ' ಬೋರ್ಡಿನಲ್ಲಿ ಕೊನೆಗೆ ಇ ಬರಬೇಕಾದ ಕಡೆ ಎ ಬಂದರೆ ಅದು ನಿಂತಲ್ಲೇ ನಿಂತಿರುವುದು ಎಂದಾಗುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಆದ್ದರಿಂದ ಕಿವಿಯಿಂದ ಕಲಿತವರಿಗೆ ಇದು ಎಂದೂ ತಿಳಿಯುವುದಿಲ್ಲ. ವಾರಕ್ಕೊಂದು ದಿನ ಬರೆಸಿದರೆ ಸಾಕು. ಇದನ್ನು ಮೇಡಂಗೆ ಹೇಳಿದ್ದೇನೆ, ನೋಡೋಣ ಎಂದಿದ್ದಾರೆ.

ಹಿಂದಿನ ಸಾಲಿನಲ್ಲಿ ಕೂತರೆ ಫ್ಯಾನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಮುಂದೆಯೇ ಕೂರಿ. ಬೇಸಿಗೆಯ ಬ್ಯಾಚಿಗೆ ಸೇರುವವರು ತಗಡಿನ ಕೆಳಗೆ ಸೆಕೆ ಇರುತ್ತದೆಂದು ತಿಳಿದೇ ಬರಬೇಕು. ದಿನಕ್ಕೊಬ್ಬರಿಗೆ ಎಲ್ಲರ ಮುಂದೆ ಮಾತಾಡುವ ಸರದಿ ಬರುತ್ತದೆ. ಬ್ಯಾಚು ದೊಡ್ಡದಿದ್ದರೆ ಸರದಿ ಬಹಳ ತಡವಾಗುತ್ತದೆ, ಕೇಳಿ ಇಸಿದುಕೊಳ್ಳಿ.

ದೊಡ್ಡ ಕೊರತೆ ಸಮಯದ್ದು. ಸಂಜೆ ಏಳು ಎಂದರೆ ಮನೆಯಲ್ಲಿ ರೊಟ್ಟಿ ತಟ್ಟುವ ಹೊತ್ತು, ಹೋಂಸ್ಟೇ ನಡೆಸುವವರಿಗೆ ಅತಿಥಿಗಳು ಊಟಕ್ಕೆ ಬರುವ ಹೊತ್ತು. ಎಂಟೂವರೆಗೆ ಬಿಟ್ಟರೆ ಕಮಲಾಪುರಕ್ಕೆ ಬಸ್ಸು ಕಾಯಬೇಕು. ನಮ್ಮ ಯಜಮಾನರು ದಿನಾ ಬೈಕ್ ತಂದು ಕರೆದೊಯ್ದರು, ಅಡುಗೆಯನ್ನು ಅತ್ತೆ ನೋಡಿಕೊಂಡರು, ಹಾಗಾಗಿ ನನಗೆ ಸಾಧ್ಯವಾಯಿತು. ನಮ್ಮ ಓಣಿಯಲ್ಲೇ ಕೋಣೆ ಬಾಡಿಗೆಗೆ ಕೊಡುವ ಹೆಂಗಸರಿದ್ದಾರೆ. ಅತಿಥಿಗಳ ಜೊತೆ ದಿನವಿಡೀ ಮಾತಾಡುವವರು ಅವರೇ, ಗಂಡಸರಲ್ಲ. ಅವರಿಗೆ ಮಧ್ಯಾಹ್ನ ಎರಡರಿಂದ ಮೂರೂವರೆ ಬಿಡುವಿರುತ್ತದೆ. ಎಂಟು ಜನ ಸೇರಿದರೆ ಮಧ್ಯಾಹ್ನದ ಬ್ಯಾಚು ತೆರೆಯುತ್ತೇನೆ ಎಂದು ಮೇಡಂ ಒಪ್ಪಿದ್ದಾರೆ. ಕಮಲಾಪುರ, ಕಡ್ಡಿರಾಂಪುರ, ಹೊಸಪೇಟೆಯ ಅಕ್ಕತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ. ಐವರು ಈಗಾಗಲೇ ಹೂಂ ಎಂದಿದ್ದಾರೆ, ಇನ್ನು ಮೂವರು ಬೇಕು.